ಹೊಸ ಭಾಷೆಗೆ ಎಣಿಕೆ ಕಟ್ಟಿದ ಕತೆ

ನಾವು ಒಂದಷ್ಟು ಜನ ಸೇರಿ ಹೊಸದೊಂದು ಭಾಷೆ ಕಟ್ಟುತ್ತಿದ್ದೇವೆ. ಅದಕ್ಕೆ ಯಾವ ಹೆಸರಿಡಬೇಕು ಅನ್ನುವುದರಲ್ಲಿ ಇನ್ನೂ ಒಮ್ಮತ ಬಂದಿಲ್ಲ. ಹಾಗಾಗಿ ನಮ್ಮೊಳಗೆ ಸುಮ್ನೆ ‘ಭಾಷೆ’ ಅನ್ನುತ್ತೇವೆ. ಫಿನ್ಲೆಂಡಿನ ಒಬ್ಬ ಲೈಬ್ರರಿಯನ್ ಇದ್ದಾರೆ. ಜಪಾನಿನ ಒಬ್ಬ ನಿವೃತ್ತ ಮೇಷ್ಟ್ರು, ಈಜಿಪ್ಟಿನ ಒಬ್ಬ ನರ್ಸ್, ಬ್ರೆಜಿಲ್‌ನ ಕಾಲೇಜು ಹುಡುಗಿ, ಲಖನೌ ಕಡೆಯ ಒಬ್ಬ ಹುಡುಗ, ಆಮೇಲೆ ಮೈಸೂರಿನ ನಾನು. ಇನ್ನೂ ಕೆಲವರು ಬರುತ್ತಾರೆ, ಹೋಗುತ್ತಾರೆ. ವಾರಕ್ಕೊಮ್ಮೆ ಕರೆಯಲ್ಲಿ ಸೇರಿ ಮಾತಾಡುತ್ತೇವೆ, ವಾದ ಮಾಡುತ್ತೇವೆ, ಕೊನೆಗೆ ಮತ ಹಾಕುತ್ತೇವೆ.

ಒಂದರಿಂದ ಹತ್ತರವರೆಗಿನ ಪದಗಳು ಒಂದು ಸಂಜೆಯ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಅಷ್ಟು ಹೊತ್ತು ಚರ್ಚೆ ಬೇರೆ ಯಾವ ಪದಕ್ಕೂ ಆಗಿಲ್ಲ. ನನಗಂತೂ ಈ ಕೆಲಸ ತುಂಬಾ ಹತ್ತಿರದ್ದು. ನಾನು ಕೆಲಸ ಮಾಡುವುದು ಔಷಧಿಯ ಸಗಟು ಅಂಗಡಿಯಲ್ಲಿ. ದಿನವೆಲ್ಲ ಫೋನಿನಲ್ಲಿ ಲೆಕ್ಕ ಕೇಳಿ ಬರೆದುಕೊಳ್ಳುವುದೇ ನನ್ನ ಕೆಲಸ. ಯಾವ ಮಾತ್ರೆ, ಎಷ್ಟು ಸ್ಟ್ರಿಪ್, ಯಾವ ಬ್ಯಾಚ್. ಆ ಕಡೆಯವರು ‘ಫಿಫ್ಟೀನ್’ ಅಂದರಾ ‘ಫಿಫ್ಟಿ’ ಅಂದರಾ ಅಂತ ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಕನ್ನಡದಲ್ಲೂ ಇದು ತಪ್ಪಿದ್ದಲ್ಲ. ‘ಎಂಬತ್ತು’, ‘ಒಂಬತ್ತು’, ‘ತೊಂಬತ್ತು’ ಮೂರನ್ನೂ ಲೈನ್ ಸರಿಯಿಲ್ಲದ ಫೋನಿನಲ್ಲಿ ಹೇಳಿ ನೋಡಿ. ಮೊದಲ ಅಕ್ಷರ ನುಂಗಿಹೋದರೆ ಉಳಿಯುವುದು ‘ಂಬತ್ತು’ ಮಾತ್ರ.

ಬೇರೆ ಪದಗಳಿಗೆ ಈ ಕಷ್ಟ ಇಲ್ಲ. ‘ಊಟ’ ಅನ್ನುವುದು ಅರ್ಧ ಕೇಳಿಸಿದರೂ ಸುತ್ತಲಿನ ಮಾತಿನಿಂದ ಗೊತ್ತಾಗುತ್ತದೆ. ಅಂಕಿಗೆ ಆ ಆಸರೆ ಇಲ್ಲ. ಮೂರು ಸ್ಟ್ರಿಪ್ ಅಂದರೂ ಸರಿ, ಆರು ಸ್ಟ್ರಿಪ್ ಅಂದರೂ ಸರಿ, ಎರಡೂ ಅರ್ಥ ಕೊಡುವ ವಾಕ್ಯಗಳೇ. ತಪ್ಪು ಕೇಳಿಸಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಅದಕ್ಕೇ ಅಂಕಿಯ ಪದಗಳು ಕಿವಿಗೆ ಒಂದರಿಂದ ಒಂದು ದೂರ ಇರಬೇಕು, ಉಳಿದದ್ದೆಲ್ಲ ಆಮೇಲೆ. ಮೊದಲ ದಿನದಿಂದ ಕೊನೆವರೆಗೂ ನಾನು ಗುಂಪಿನಲ್ಲಿ ಹಿಡಿದುಕೊಂಡು ಬಂದದ್ದು ಇದೊಂದೇ ಮಾತನ್ನು.

ಶುರುವಾಗಿದ್ದು ಮಾತ್ರ ಬೇರೆ ಕಡೆಯಿಂದ. ಯಾವ ಎಣಿಕೆ, ಹತ್ತರದ್ದೋ ಹನ್ನೆರಡರದ್ದೋ?

ಬ್ರೆಜಿಲ್‌ನ ಹುಡುಗಿ ಹನ್ನೆರಡರ ಪರ. ಹನ್ನೆರಡನ್ನು 2, 3, 4, 6 ಎಲ್ಲದರಿಂದಲೂ ಭಾಗಿಸಬಹುದು, ಹತ್ತನ್ನು 2 ಮತ್ತು 5ರಿಂದ ಮಾತ್ರ. ವಾದ ಗಟ್ಟಿಯಾಗೇ ಇತ್ತು. ನಮ್ಮಲ್ಲಿ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟಿ ಎಣಿಸುವುದನ್ನು ನಾನು ಕ್ಯಾಮೆರಾಗೆ ಕೈ ಹಿಡಿದು ತೋರಿಸಿದೆ. ನಾಲ್ಕು ಬೆರಳು, ಬೆರಳಿಗೆ ಮೂರು, ಅಲ್ಲಿಗೆ ಒಂದು ಕೈಯಲ್ಲೇ ಹನ್ನೆರಡು. ಆಕೆಗೆ ಬಹಳ ಖುಷಿಯಾಯಿತು. ಕಟ್ಟಿದ ಭಾಷೆಗಳಲ್ಲಿ ಇಂಥ ಆಯ್ಕೆ ಹೊಸದೇನಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಎಲ್ಫ್ ಭಾಷೆಗಳಲ್ಲಿ ಹನ್ನೆರಡರ ಎಣಿಕೆ ಇದೆ. ‘ಅವತಾರ್’ ಸಿನಿಮಾಕ್ಕಾಗಿ ಪಾಲ್ ಫ್ರೋಮರ್ ಕಟ್ಟಿದ ನಾವಿ ಭಾಷೆಯಲ್ಲಿ ಎಂಟರದ್ದು, ಯಾಕೆಂದರೆ ಆ ಜನರ ಕೈಗೆ ನಾಲ್ಕೇ ಬೆರಳು.

ಆದರೆ ನಮ್ಮ ಭಾಷೆ ಯಾವುದೋ ಗ್ರಹದವರಿಗಲ್ಲ, ನಾವೇ ಆಡುವುದಕ್ಕೆ. ತಾರೀಖು, ಗಂಟೆ, ದುಡ್ಡು ಎಲ್ಲಾ ಕಡೆ ಹತ್ತರ ಲೆಕ್ಕದಲ್ಲೇ ಬರೆದಿರುತ್ತದೆ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ 27 ಅಂತ ಇದ್ದರೆ ನಮ್ಮ ಭಾಷೆಯಲ್ಲಿ ಅದನ್ನು ‘ಎರಡು ಡಜನ್ ಮೂರು’ ಅಂತ ತಿರುಗಿಸಿ ಹೇಳಬೇಕು. ಪ್ರತಿ ಸಲ ಮನಸ್ಸಿನಲ್ಲೇ ಭಾಗಾಕಾರ ಮಾಡಬೇಕಾದರೆ ಯಾರೂ ಅಂಕಿ ಹೇಳುವ ಗೋಜಿಗೇ ಹೋಗುವುದಿಲ್ಲ, ಅಲ್ವಾ? ಹತ್ತಕ್ಕೇ ಮತ ಬಿತ್ತು. ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅಂಕಿಯೇ ಬೇಡ ಅನ್ನುವ ಮಾತೂ ಒಂದು ಬಂತು. ಸೋನ್ಯಾ ಲ್ಯಾಂಗ್ 2001ರಲ್ಲಿ ಹೊರತಂದ ಟೋಕಿ ಪೋನಾ ಭಾಷೆಯಲ್ಲಿ ಒಂದು, ಎರಡು, ಬಹಳ, ಇಷ್ಟರಲ್ಲೇ ಸಾಗಿಸಬಹುದು. ಕೈ ಅನ್ನುವ ಪದವನ್ನು ಐದಕ್ಕೂ ಬಳಸುತ್ತಾರೆ. ಆ ಭಾಷೆಯ ಉದ್ದೇಶಕ್ಕೆ ಅದು ಸರಿಯೇ. ಕಡಿಮೆ ಪದಗಳಲ್ಲಿ ಸರಳವಾಗಿ ಯೋಚಿಸುವುದೇ ಅಲ್ಲಿನ ಗುರಿ. ಈಜಿಪ್ಟಿನ ನರ್ಸ್ ಒಂದೇ ಮಾತಿನಲ್ಲಿ ಆ ಚರ್ಚೆ ಮುಗಿಸಿದರು. “ನನ್ನ ಕೆಲಸದಲ್ಲಿ ಎಷ್ಟು ಮಿಲಿ ಅಂತ ಹೇಳಲಾಗದ ಭಾಷೆ ನನಗೆ ಯಾಕೆ?”

ಮುಂದಿನ ಪ್ರಶ್ನೆ: ಪದಗಳನ್ನು ಎಲ್ಲಿಂದಾದರೂ ತರಬೇಕಾ, ಹೊಸದಾಗಿ ಮಾಡಬೇಕಾ? 1887ರಲ್ಲಿ ಜಾಮೆನ್‌ಹಾಫ್ ತಾವು ಕಟ್ಟಿದ ಎಸ್ಪೆರಾಂಟೊ ಭಾಷೆಗೆ ಯುರೋಪಿನ ಭಾಷೆಗಳಿಂದಲೇ ತೆಗೆದುಕೊಂಡರು. ಉನು, ದು, ತ್ರಿ, ಕ್ವಾರ್, ಕ್ವಿನ್. ಯುರೋಪಿನ ಹೆಚ್ಚಿನವರಿಗೆ ಕೇಳಿದ ಕೂಡಲೇ ಗುರುತು ಸಿಗುತ್ತದೆ. ಹಿಂದಿಯವರಿಗೂ ದು, ತ್ರಿ ಹತ್ತಿರವೇ. ಆದರೆ ಜಪಾನಿನ ಮೇಷ್ಟ್ರಿಗೆ, ಫಿನ್ಲೆಂಡಿನವರಿಗೆ, ನನಗೆ, ಈಜಿಪ್ಟಿನವರಿಗೆ ಹಾಗಿಲ್ಲ. ಒಂದೊಂದು ಅಂಕಿಯನ್ನು ಒಬ್ಬೊಬ್ಬರ ಭಾಷೆಯಿಂದ ತೆಗೆದುಕೊಳ್ಳೋಣ ಅಂತ ಲಖನೌ ಹುಡುಗ ಹೇಳಿದ. ಕೇಳುವುದಕ್ಕೆ ಚೆಂದ, ಎಲ್ಲರಿಗೂ ಒಂದೊಂದು ಪಾಲು ಸಿಕ್ಕಂತೆ. ಆದರೆ ಹಾಗೆ ಆರಿಸಿದ ಹತ್ತು ಪದ ಒಂದಕ್ಕೊಂದು ಹೊಂದುತ್ತವೋ ಇಲ್ಲವೋ ಅನ್ನುವುದು ಯಾರ ಕೈಯಲ್ಲೂ ಇರುವುದಿಲ್ಲ. ಹೊಸದಾಗಿ ಮಾಡುವುದು ಅಂತ ತೀರ್ಮಾನವಾಯಿತು.

ಮೊದಲ ಪಟ್ಟಿ ತಂದವರು ಕಂಪ್ಯೂಟರ್ ಕೆಲಸದ ಒಬ್ಬ ಗೆಳೆಯರು. ಒಂದರಿಂದ ಐದಕ್ಕೆ ಬ, ಬೆ, ಬಿ, ಬೊ, ಬು. ಆರರಿಂದ ದ, ದೆ, ದಿ, ದೊ, ದು. ಹತ್ತನೆಯದು ಸೊನ್ನೆಗೆ. ಎರಡು ನಿಮಿಷದಲ್ಲಿ ಬಾಯಿಪಾಠ. ಕಾಗದದ ಮೇಲೆ ಅದರಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ನಮ್ಮಲ್ಲಿ ಅರ್ಧ ಜನ ಅವತ್ತೇ ಮತ ಹಾಕುವುದಕ್ಕೆ ತಯಾರಾಗಿದ್ದರು.

ಅದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ಅಕ್ಷರಗಳಲ್ಲಿ ಅಂಕಿ ಅಡಗಿಸುವ ಕಟಪಯಾದಿ. ಸಂಗೀತ ಕಲಿತವರಿಗೆ ಗೊತ್ತಿರುತ್ತದೆ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಅದರ ನಂಬರ್ ಅಡಗಿದೆ. ಮೇಚಕಲ್ಯಾಣಿಯಲ್ಲಿ ಮ ಅಂದರೆ 5, ಚ ಅಂದರೆ 6, ಹಿಂದುಮುಂದು ಮಾಡಿದರೆ 65. ಧೀರಶಂಕರಾಭರಣದಲ್ಲಿ ಧ 9, ರ 2, ತಿರುಗಿಸಿದರೆ 29. ಅಲ್ಲಿ ಒಂದೊಂದು ಅಂಕಿಗೂ ಹಲವು ಅಕ್ಷರಗಳಿವೆ. ಒಂದಕ್ಕೆ ಕ, ಟ, ಪ, ಯ ನಾಲ್ಕೂ ನಡೆಯುತ್ತವೆ. ಹಾಗಾಗಿ ಅಂಕಿಯಿಂದ ಅರ್ಥವಿರುವ ಮಾತು ಕಟ್ಟಬಹುದು. ನೆನಪಿಟ್ಟುಕೊಳ್ಳುವುದಕ್ಕೆ ಇಂಥ ಉಪಾಯ ಇನ್ನೊಂದಿಲ್ಲ. ಗುಂಪಿನವರಿಗೆ ಇದನ್ನು ವಿವರಿಸಿದಾಗ ಎಲ್ಲರೂ ಕಿವಿಗೊಟ್ಟು ಕೇಳಿದರು. ಆದರೆ ಕಟಪಯಾದಿ ನೆನಪಿಗೆ ಮಾಡಿದ್ದು. ಫೋನಿನಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಬರೆದುಕೊಳ್ಳುವುದಕ್ಕಲ್ಲ. ನಾವು ಮಾಡುತ್ತಿದ್ದದ್ದು ಆಡುವ ಪದ.

ಪರೀಕ್ಷೆ ಮಾಡೋಣ ಅಂದೆ. ಮತ ಹಾಕುವ ಮೊದಲು ಒಬ್ಬರು ಹತ್ತು ಮುಖದ ದಾಳ ಉರುಳಿಸಿ ಬಂದ ಅಂಕಿಗಳನ್ನು ಓದುವುದು, ಉಳಿದವರು ಬರೆದುಕೊಳ್ಳುವುದು. ಓದುವವರು ಗಲಾಟೆ ಇರುವ ಜಾಗಕ್ಕೆ ಹೋಗಬೇಕು. ನಾನು ದೇವರಾಜ ಮಾರುಕಟ್ಟೆಯ ಹೊರಗೆ ನಿಂತು ಓದಿದೆ. ಆಟೋ ಹಾರ್ನು, ಹೂವಿನವರ ಕೂಗು, ಎಲ್ಲಾ ಇತ್ತು. ಬ್ರೆಜಿಲ್‌ನ ಹುಡುಗಿ ಬಸ್ಸಿನೊಳಗಿಂದ ಓದಿದಳು. ಮೇಷ್ಟ್ರು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಓದಿದರು. ಆಮೇಲೆ ಎಲ್ಲರ ಹಾಳೆಗಳನ್ನು ಒಟ್ಟಿಗೆ ಇಟ್ಟು ನಾನು ಒಂದು ಚೌಕ ಗೆರೆ ಹಾಕಿದೆ. ಎಡಗಡೆ ಹೇಳಿದ ಅಂಕಿ, ಮೇಲುಗಡೆ ಕೇಳಿಸಿದ ಅಂಕಿ. ಯಾವುದು ಯಾವುದಾಗಿ ಕೇಳಿಸಿತು ಅನ್ನುವುದು ಒಂದೇ ನೋಟಕ್ಕೆ ಕಾಣುತ್ತದೆ.

ಬ-ಬೆ-ಬಿ ಪಟ್ಟಿಯ ಚೌಕ ತುಂಬಾ ಗುರುತುಗಳೇ. ಎರಡನ್ನು ಹೇಳಿದರೆ ಮೂರು, ಏಳನ್ನು ಹೇಳಿದರೆ ಎಂಟು. ಈಜಿಪ್ಟಿನವರ ಬಾಯಲ್ಲಿ ಎ ಮತ್ತು ಇ ಬಹಳ ಹತ್ತಿರ ಬರುತ್ತವೆ. ಬ ಮತ್ತು ದ ಎರಡೂ ಗಲಾಟೆಯಲ್ಲಿ ಒಂದೇ. ಹಾಗಾಗಿ ಒಂದು ಆರಾಗುತ್ತಿತ್ತು. ಜಾಸ್ತಿ ಕಳವಳದ ವಿಷಯ ಅಂದರೆ, ಪಕ್ಕಪಕ್ಕದ ಅಂಕಿಗಳೇ ಒಂದಕ್ಕೊಂದು ಬೆರೆಯುತ್ತಿದ್ದವು. 42 ಇದ್ದದ್ದು 43 ಆದರೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಇದು ಹಳೆಯ ಕಾಯಿಲೆ. 1668ರಲ್ಲಿ ಜಾನ್ ವಿಲ್ಕಿನ್ಸ್ ಅನ್ನುವ ಇಂಗ್ಲಿಷ್ ಪಾದ್ರಿ ಇಡೀ ಜಗತ್ತನ್ನು ವಿಂಗಡಿಸಿ ಒಂದು ಭಾಷೆ ಮಾಡಿದರು. ಹತ್ತಿರದ ವಸ್ತುಗಳಿಗೆ ಹತ್ತಿರದ ಹೆಸರು ಅನ್ನುವುದು ಅದರ ನಿಯಮ. ಅದರಲ್ಲಿ ಬಾರ್ಲಿಗೆ ‘ಗಾದೆ’, ಟ್ಯೂಲಿಪ್ ಹೂವಿಗೆ ‘ಗಾಪೆ’ ಥರದ ಪದಗಳು. ಒಂದೇ ಅಕ್ಷರದ ವ್ಯತ್ಯಾಸ. ಅವರದೇ ಪುಸ್ತಕದಲ್ಲಿ ಇವೆರಡು ಅದಲುಬದಲಾಗಿವೆ. ಅರ್ಥದಲ್ಲಿ ಅಕ್ಕಪಕ್ಕ ಇರುವುದನ್ನು ಸದ್ದಿನಲ್ಲೂ ಅಕ್ಕಪಕ್ಕ ಇಟ್ಟರೆ ತಪ್ಪು ಆಗುವುದು ಖಂಡಿತ, ಆದ ತಪ್ಪು ಕಣ್ಣಿಗೂ ಬೀಳುವುದಿಲ್ಲ.

ಸಹಜ ಭಾಷೆಯವರು ಈ ತೊಂದರೆಯನ್ನು ಆಗಾಗ ತೇಪೆ ಹಾಕಿ ಸರಿಮಾಡಿಕೊಂಡಿದ್ದಾರೆ. ವಿಮಾನದವರು ರೇಡಿಯೊದಲ್ಲಿ ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’ ಅನ್ನುತ್ತಾರೆ. ಫೈವ್ ಮತ್ತು ನೈನ್ ರೇಡಿಯೊ ಗದ್ದಲದಲ್ಲಿ ಒಂದೇ ಥರ. ಜರ್ಮನ್ನರು ಫೋನಿನಲ್ಲಿ ‘ಜ್ವಾಯ್’ ಬದಲು ‘ಜ್ವೊ’ ಅನ್ನುತ್ತಾರೆ, ಇಲ್ಲದಿದ್ದರೆ ಎರಡು ಮೂರಾಗಿ ಕೇಳಿಸುತ್ತದೆ. ಚೀನೀಯರು ಫೋನ್ ನಂಬರ್ ಹೇಳುವಾಗ ಒಂದಕ್ಕೆ ‘ಯೀ’ ಬಿಟ್ಟು ‘ಯಾವ್’ ಅನ್ನುತ್ತಾರೆ, ಯಾಕೆಂದರೆ ಏಳಕ್ಕೆ ಇರುವ ಪದವೂ ಅದೇ ಪ್ರಾಸ. ನಾರ್ವೆಯಲ್ಲಂತೂ 1951ರಲ್ಲಿ ಸಂಸತ್ತಿನ ತೀರ್ಮಾನವೇ ಜಾರಿಗೆ ಬಂತು. ಅಲ್ಲಿಯವರೆಗೆ 21ಕ್ಕೆ ‘ಒಂದು ಮತ್ತು ಇಪ್ಪತ್ತು’ ಅನ್ನುತ್ತಿದ್ದರು, ಇನ್ನು ಮುಂದೆ ‘ಇಪ್ಪತ್ತು ಒಂದು’ ಅನ್ನಬೇಕು ಅಂತ. ಅದಕ್ಕೆ ಕಾರಣ ಟೆಲಿಫೋನ್ ನಂಬರ್‌ಗಳು. ಇಷ್ಟಾದರೂ ಹಳೆಯ ರೂಢಿ ಅಲ್ಲಿ ಇವತ್ತಿಗೂ ಪೂರ್ತಿ ಹೋಗಿಲ್ಲ. ನಮ್ಮದು ಹೊಸ ಭಾಷೆ. ಆಮೇಲೆ ತೇಪೆ ಹಾಕುವ ಬದಲು ಮೊದಲೇ ಸರಿಯಾಗಿ ಮಾಡಬಹುದಿತ್ತು.

ಎರಡನೆಯ ಸುತ್ತಿಗೆ ನಿಯಮಗಳನ್ನು ಎಲ್ಲರೂ ಕೂತು ಬರೆದೆವು. ಯಾವ ಅಂಕಿಯೂ ಇನ್ನೊಂದರ ಜೊತೆ ಮೊದಲ ವ್ಯಂಜನ ಹಂಚಿಕೊಳ್ಳಬಾರದು. ಲೋಜ್ಬಾನ್ ಅನ್ನುವ ಇನ್ನೊಂದು ಕಟ್ಟಿದ ಭಾಷೆಯಲ್ಲಿ ಇದು ಚೆನ್ನಾಗಿದೆ. ಪ, ರೆ, ಶಿ, ವೊ, ಮು, ಖ, ಜೆ, ಬಿ, ಸೊ ಅಂತ ಒಂಬತ್ತರವರೆಗೆ ಹೋಗುತ್ತದೆ. ಸ್ವರಗಳು ಅ, ಎ, ಇ, ಒ, ಉ ಅಂತ ಸಾಲಾಗಿ ಬರುತ್ತವೆ, ವ್ಯಂಜನ ಮಾತ್ರ ಪ್ರತಿಯೊಂದಕ್ಕೂ ಬೇರೆ. ನೆನಪಿಗೂ ಸುಲಭ, ಕಿವಿಗೂ ಪರವಾಗಿಲ್ಲ.

ನಮ್ಮ ಗುಂಪಿನ ಬಾಯಿಗಳು ಇನ್ನಷ್ಟು ಷರತ್ತು ಹಾಕಿದವು. ಮೇಷ್ಟ್ರಿಗೆ ಲ ಮತ್ತು ರ ಒಂದೇ. ಈಜಿಪ್ಟಿನವರ ಅರಬ್ಬಿಯಲ್ಲಿ ಪ ಇಲ್ಲ, ಅದು ಬ ಆಗುತ್ತದೆ. ಫಿನ್ಲೆಂಡಿನವರಿಗೆ ಗ ಮತ್ತು ಕ, ಬ ಮತ್ತು ಪ ಬೇರೆ ಮಾಡುವುದು ಕಷ್ಟ. ಹ ಬಳಸೋಣ ಅಂದಾಗ ನಾನೇ ಬೇಡ ಅಂದೆ. ನಮ್ಮಲ್ಲಿ ‘ಹಾಲು’ ‘ಆಲು’ ಆಗುವುದು ಎಷ್ಟು ಊರುಗಳಲ್ಲಿ! ಇಷ್ಟನ್ನೂ ತೆಗೆದು ಉಳಿದ ಸದ್ದುಗಳಲ್ಲಿ ಒಂದರಿಂದ ಒಂಬತ್ತಕ್ಕೆ ಹೀಗೆ ಹೊಂದಿಸಿದೆವು: ಕ, ಸಿ, ಲೊ, ನೆ, ತು, ವಿ, ಮ, ಪೊ, ಯು. ಒಂದೇ ಸ್ವರ ಇರುವ ಜೋಡಿಗಳನ್ನು ನೋಡಿ. ಕ ಮತ್ತು ಮ, ಸಿ ಮತ್ತು ವಿ, ಲೊ ಮತ್ತು ಪೊ, ತು ಮತ್ತು ಯು. ಪ್ರತಿ ಜೋಡಿಯಲ್ಲೂ ವ್ಯಂಜನಗಳು ದೂರದೂರ. ಪೊ ಅನ್ನುವುದನ್ನು ಬೊ ಅಂದರೂ, ಲೊ ಅನ್ನುವುದನ್ನು ರೊ ಅಂದರೂ ಬೇರೆ ಅಂಕಿ ಆಗುವುದಿಲ್ಲ.

ಚೌಕದಲ್ಲಿ ಗುರುತುಗಳು ಬಹಳ ಕಡಿಮೆಯಾದವು. ಆದರೂ ಒಂದೊಂದೇ ಅಕ್ಷರದ ಪದಗಳು ಗದ್ದಲದಲ್ಲಿ ಪೂರ್ತಿಯಾಗೇ ಮುಳುಗಿಹೋಗುತ್ತಿದ್ದವು. ತಪ್ಪು ಕೇಳಿಸುವುದಿಲ್ಲ, ಕೇಳಿಸುವುದೇ ಇಲ್ಲ. ಹಾಗಂತ ಉದ್ದ ಮಾಡಿದರೆ ಬೇರೆ ತೊಂದರೆ. 1980ರಲ್ಲಿ ಬಂದ ಒಂದು ಅಧ್ಯಯನದ ಬಗ್ಗೆ ಲೈಬ್ರರಿಯನ್ ಹೇಳಿದರು. ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರು ಇಂಗ್ಲಿಷಿನಲ್ಲಿ ಹೇಳಿದಾಗ ಹೆಚ್ಚು ಅಂಕಿಗಳನ್ನು ನೆನಪಿಟ್ಟುಕೊಂಡರಂತೆ. ವೆಲ್ಷ್ ಅಂಕಿಗಳನ್ನು ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಅನ್ನುವುದೇ ಕಾರಣ. ಉದ್ದ ಮಾಡಿದರೆ ನೆನಪಿಗೆ ಕಷ್ಟ, ಗಿಡ್ಡ ಮಾಡಿದರೆ ಕಿವಿಗೆ ಕಷ್ಟ. ಇಲ್ಲಿ ಬಂದು ಚರ್ಚೆ ನಿಂತುಬಿಟ್ಟಿತು.

ಈ ಗಂಟನ್ನು ಬಿಡಿಸುವುದಕ್ಕೆ ಕನ್ನಡ ನೆರವಾಯಿತು. ನಮ್ಮಲ್ಲಿ ಅಂಕಿಗೆ ಎರಡು ರೂಪ ಇದೆ. ಒಂಟಿಯಾಗಿ ನಿಂತಾಗ ಎರಡು, ಮೂರು, ನಾಲ್ಕು, ಎಂಟು. ಇನ್ನೊಂದರ ಜೊತೆ ಸೇರಿದಾಗ ಇಪ್ಪತ್ತು, ಮೂವತ್ತು, ನಾಲ್ಮಡಿ, ಎಂಬತ್ತು. ಐದು ಒಂಟಿಯಾಗಿದ್ದರೆ ಐದು, ಸೇರಿದರೆ ಬರೀ ಐ: ಐವತ್ತು, ಐನೂರು, ಐವರು. ಸೇರುವಾಗ ಪದ ಗಿಡ್ಡವಾಗುತ್ತದೆ, ಒಂಟಿ ನಿಂತಾಗ ಪೂರ್ತಿ ಇರುತ್ತದೆ. ಇದನ್ನೇ ನಿಯಮ ಮಾಡೋಣ ಅಂದೆ. ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಥರ, ನಮ್ಮ ಭಾಷೆಯಲ್ಲಿ ಎಲ್ಲದಕ್ಕೂ ಒಂದೇ ಥರ. ಪೂರ್ತಿ ಪದಕ್ಕೆ ಎರಡು ಅಕ್ಷರ, ಸೇರುವಾಗ ಎರಡನೆಯದು ಬಿದ್ದುಹೋಗುತ್ತದೆ. ಮೇಷ್ಟ್ರು ಕೂಡಲೇ ಒಪ್ಪಿದರು. ಜಪಾನೀ ಭಾಷೆಯಲ್ಲೂ ಪದ ಸೇರುವಾಗ ಅಂಕಿಯ ರೂಪ ಬದಲಾಗುವುದು ಅವರಿಗೆ ಅಭ್ಯಾಸ. ಲೈಬ್ರರಿಯನ್ ಮಾತ್ರ ಹಿಂಜರಿದರು. ಹೊಸದಾಗಿ ಕಲಿಯುವವರಿಗೆ ಎರಡೆರಡು ರೂಪದ ಹೊರೆ ಯಾಕೆ ಅನ್ನುವುದು ಅವರ ಮಾತು. ಅದರಲ್ಲೂ ಅರ್ಥವಿತ್ತು. ನಿಯಮಕ್ಕೆ ಒಂದೂ ಅಪವಾದ ಇರಬಾರದು ಅನ್ನುವ ಷರತ್ತಿನ ಮೇಲೆ ಒಪ್ಪಿದರು.

ಮೊದಲ ಅಕ್ಷರವನ್ನು ತಲೆ, ಬಿದ್ದುಹೋಗುವ ಎರಡನೆಯದನ್ನು ಬಾಲ ಅನ್ನೋಣ. ಬಾಲಕ್ಕೆ ಅಕ್ಷರ ಆರಿಸುವುದು ಅಂದುಕೊಂಡದ್ದಕ್ಕಿಂತ ಸೂಕ್ಷ್ಮ ಕೆಲಸ. ಎರಡಕ್ಕೆ ‘ಸಿಲೊ’ ಅಂತ ಯಾರೋ ಹೇಳಿದರು. ಆದರೆ ಲೊ ಅಂದರೆ ಮೂರರ ತಲೆ. ಫೋನ್ ನಂಬರನ್ನು ಗಿಡ್ಡ ರೂಪದಲ್ಲಿ ಬಡಬಡ ಹೇಳುವಾಗ ‘ಸಿಲೊ’ ಅಂದರೆ ಎರಡಾ, ಇಪ್ಪತ್ಮೂರಾ? ಹಾಗಾಗಿ ತಲೆಗೆ ಬಳಸಿದ ಅಕ್ಷರ ಬಾಲಕ್ಕೆ ಬರಬಾರದು. ಬರೀ ಅದಲ್ಲ, ನಮ್ಮಲ್ಲಿ ಯಾರೊಬ್ಬರ ಕಿವಿಗೂ ತಲೆಯಂತೆ ಕೇಳಬಾರದು. ‘ಗ’ ಬೇಡ, ಫಿನ್ಲೆಂಡಿನವರಿಗೆ ಅದು ಕ, ಅಂದರೆ ಒಂದು. ‘ರೊ’ ಬೇಡ, ಮೇಷ್ಟ್ರಿಗೆ ಅದು ಲೊ, ಅಂದರೆ ಮೂರು. ‘ದು’ ಬೇಡ, ಅದು ತು, ಅಂದರೆ ಐದು. ಹೀಗೆ ಒಂದೊಂದೇ ಹೊಡೆದುಹಾಕುತ್ತಾ ಹೋದೆವು.

ಪದದ ಅರ್ಥ ಯಾರ ಭಾಷೆಯಲ್ಲಾದರೂ ಕೆಟ್ಟದ್ದಾ ಅಂತಲೂ ನೋಡಬೇಕಿತ್ತು. ಮೂರಕ್ಕೆ ಬಂದ ಒಂದು ಪದಕ್ಕೆ ಲಖನೌ ಹುಡುಗನೂ ನಾನೂ ಒಂದೇ ಉಸಿರಿಗೆ ಬೇಡ ಅಂದೆವು. ಹಿಂದಿ ಬಲ್ಲವರ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಇನ್ನೊಂದು ಪಟ್ಟಿಯಲ್ಲಿ ನಾಲ್ಕಕ್ಕೆ ‘ಸಾವು’ ಅಂತ ಇತ್ತು. ನಾನು ಅರ್ಥ ಹೇಳಿದಾಗ ಮೇಷ್ಟ್ರಿಗೆ ವಿವರಣೆಯೇ ಬೇಕಾಗಲಿಲ್ಲ. ಜಪಾನಿನಲ್ಲಿ ನಾಲ್ಕಕ್ಕೆ ಇರುವ ‘ಶಿ’ ಅನ್ನುವುದು ಸಾವಿಗೂ ಇರುವ ಸದ್ದು. ಅದಕ್ಕೇ ಅವರು ‘ಯೋನ್’ ಅನ್ನುವುದೇ ಹೆಚ್ಚು.

ಕೊನೆಗೆ ನಿಂತ ಪಟ್ಟಿ ಇದು. ಒಂದರಿಂದ ಒಂಬತ್ತು: ಕದೆ, ಸಿಗೊ, ಲೊಗೆ, ನೆಗು, ತುರ, ಮದಿ, ವಿರು, ಪೊಗಿ, ಯುರೆ. ಸೊನ್ನೆಗೆ ಬೆದೊ. ಸೊನ್ನೆ ಮಾತ್ರ ಯಾವತ್ತೂ ಗಿಡ್ಡ ಆಗುವುದಿಲ್ಲ. ಫೋನಿನಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಹತ್ತು ಪಟ್ಟು ವ್ಯತ್ಯಾಸ. ಔಷಧಿಯ ವಿಷಯದಲ್ಲಿ ಅದು ಏನು ಅಂತ ನರ್ಸ್‌ಗೂ ಗೊತ್ತು, ನನಗೂ ಗೊತ್ತು. ಇದೊಂದು ನಿಯಮಕ್ಕೆ ಎಲ್ಲರೂ ಕೈ ಎತ್ತಿದರು, ಲೈಬ್ರರಿಯನ್ ಕೂಡ. ಗಿಡ್ಡ ಆಗುವುದಕ್ಕೆ ಸೊನ್ನೆ ಯಾವ ಪದದ ಜೊತೆಗೂ ಸೇರುವುದಿಲ್ಲವಲ್ಲ, ಅಪವಾದವೇ ಆಗಲಿಲ್ಲ ಅಂತ ಅವರ ಸಮಾಧಾನ.

ಈ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ವರಗಳ ಜೋಡಿ. ಕದೆಯಲ್ಲಿ ಅ-ಎ, ಸಿಗೊದಲ್ಲಿ ಇ-ಒ, ಲೊಗೆಯಲ್ಲಿ ಒ-ಎ, ನೆಗುವಿನಲ್ಲಿ ಎ-ಉ. ಹೀಗೆ ಹತ್ತಕ್ಕೆ ಹತ್ತೂ ಬೇರೆ ಬೇರೆ. ಗದ್ದಲದಲ್ಲಿ ವ್ಯಂಜನ ಎಲ್ಲ ಅಳಿಸಿಹೋಗಿ ಸ್ವರ ಮಾತ್ರ ಉಳಿದರೂ ಅಂಕಿ ಯಾವುದು ಅಂತ ಹೇಳಬಹುದು. ಮಾರುಕಟ್ಟೆಯ ಹೊರಗೆ ನಿಂತು ಮತ್ತೆ ಓದಿದೆ. ಒಂದು ಲಾರಿ ಹಾರ್ನು ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು. ಆ ಹೊತ್ತಿಗೆ ನಾನು ಹೇಳಿದ್ದು ‘ವಿರು’. ಆ ಕಡೆಯಿಂದ ಬ್ರೆಜಿಲ್‌ನ ಹುಡುಗಿ, “ಇ-ಉ ಅಂತ ಮಾತ್ರ ಕೇಳಿಸಿತು, ಏಳು ಅಲ್ವಾ?” ಅಂದಳು. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಂದು ಬದಲಾವಣೆ ಮಾಡಿಸಿದ್ದು ನಮ್ಮ ಅಕ್ಕನ ಮಗಳು. ರಜಕ್ಕೆ ಬಂದಿದ್ದವಳು ನಾನು ಗೊಣಗುವುದನ್ನು ಕೇಳಿ ಕುಂಟೆಬಿಲ್ಲೆ ಆಡುವಾಗ ಹೇಳತೊಡಗಿದಳು. ಆಗ ಆರಕ್ಕೆ ವಿರು, ಏಳಕ್ಕೆ ಮದಿ ಅಂತ ಇತ್ತು. ಐದರ ಮನೆಗೆ ಬಂದಾಗಲೆಲ್ಲ ತಡವರಿಸುತ್ತಿದ್ದಳು.

“ಮಾಮಾ, ತುರ ಆದ್ಮೇಲೆ ವಿರು ಬಂದ್ರೆ ನಾಲಿಗೆ ಸಿಕ್ಕಾಕೊಳ್ಳತ್ತೆ.”

“ಹಾಗಾದ್ರೆ ಏನ್ ಮಾಡೋಣ?”

“ಮದಿ ಮೊದಲು ಹೇಳಿ. ತುರ, ಮದಿ, ವಿರು. ನೋಡಿ, ಸಲೀಸಾಗಿ ಹೋಗತ್ತೆ.”

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಒಂದೊಂದೇ ಅಂಕಿಯನ್ನು ಬರೆದುಕೊಳ್ಳುವ ಪರೀಕ್ಷೆಯಲ್ಲಿ ಇದು ಗೊತ್ತೇ ಆಗಿರಲಿಲ್ಲ, ಯಾಕೆಂದರೆ ದಾಳದ ಅಂಕಿಗಳು ಸಾಲಾಗಿ ಬರುವುದಿಲ್ಲ. ಮಕ್ಕಳು ಮಾತ್ರ ಎಣಿಸುವುದು ಸಾಲಾಗಿ. ಸಾಲಾಗಿ ಹೇಳಿ ಹೇಳಿ ಅಕ್ಕಪಕ್ಕದ ಅಂಕಿಗಳು ಒಂದನ್ನೊಂದು ಬದಲಾಯಿಸಿಬಿಡುತ್ತವೆ. ರಷ್ಯನ್ ಮತ್ತು ಅದರ ಒಡಹುಟ್ಟಿದ ಭಾಷೆಗಳಲ್ಲಿ ಒಂಬತ್ತಕ್ಕೆ ನ ಅಕ್ಷರದ ಪದ ಇರಬೇಕಿತ್ತು, ನಮ್ಮ ನವ ಥರ. ಆದರೆ ಅದು ‘ದೇವ್ಯತ್’ ಆಗಿದೆ, ಮುಂದಿನ ಹತ್ತು ‘ದೇಸ್ಯತ್’ ಅದನ್ನು ತನ್ನ ಕಡೆ ಎಳೆದುಕೊಂಡಿದೆ. ನಮ್ಮ ಪಟ್ಟಿಯಲ್ಲಿ ಹಾಗಾಗದಿರಲಿ ಅಂತ ಆರು, ಏಳನ್ನು ಅದಲುಬದಲು ಮಾಡುವ ಪ್ರಸ್ತಾಪ ಇಟ್ಟೆ. ತಕರಾರಿಲ್ಲದೆ ಒಪ್ಪಿದರು.

ಹತ್ತಕ್ಕೆ ‘ದಾನ್’ ಆಯಿತು. ಇಪ್ಪತ್ತು ಸಿದಾನ್, ಮೂವತ್ತು ಲೊದಾನ್. ಹದಿಮೂರು ‘ದಾನ್ ಲೊಗೆ’. ಗಿಡ್ಡ ರೂಪ ಮುಂದೆ ಬಂದರೆ ಗುಣಿಸುವುದು, ಪೂರ್ತಿ ರೂಪ ಹಿಂದೆ ಬಂದರೆ ಕೂಡಿಸುವುದು. ‘ಲೊದಾನ್’ ಮತ್ತು ‘ದಾನ್ ಲೊಗೆ’ ಯಾರಿಗೂ ಬೆರೆಯುವುದಿಲ್ಲ. ಥರ್ಟೀನ್, ಥರ್ಟಿ ಅಂತ ದಿನಾ ಒದ್ದಾಡುವ ನನಗೆ ಇದೊಂದು ದೊಡ್ಡ ನೆಮ್ಮದಿ.

ನೂರಕ್ಕೆ ‘ಗಿಸ್’ ಅಂತ ಬಹುತೇಕ ನಿರ್ಧಾರವೇ ಆಗಿತ್ತು. ಆಗ ಮೇಷ್ಟ್ರು ನಿಧಾನವಾಗಿ ಒಂದು ಪ್ರಶ್ನೆ ಕೇಳಿದರು. ಎಂಟಕ್ಕೆ ಪೊಗಿ, ಎಂಟುನೂರಕ್ಕೆ ಪೊಗಿಸ್ ಆಗುತ್ತದಲ್ಲ? ಎಲ್ಲರೂ ಸುಮ್ಮನಾದರು. ಕೊನೆಯ ಸ್ ಕೇಳಿಸದಿದ್ದರೆ ಎಂಟುನೂರು ಎಂಟಾಗುತ್ತದೆ. ವೊಲಾಪ್ಯುಕ್ ಭಾಷೆಯಲ್ಲಿ ಇದೇ ತೊಂದರೆ ಇತ್ತು. 1880ರ ಆಸುಪಾಸಿನಲ್ಲಿ ಶ್ಲೇಯರ್ ಅನ್ನುವ ಜರ್ಮನ್ ಪಾದ್ರಿ ಕಟ್ಟಿದ ಭಾಷೆ ಅದು. ಅದರಲ್ಲಿ ಒಂದು ‘ಬಾಲ್’, ಹತ್ತು ‘ಬಾಲ್ಸ್’. ಎರಡು ‘ತೆಲ್’, ಇಪ್ಪತ್ತು ‘ತೆಲ್ಸ್’. 1931ರಲ್ಲಿ ಆರಿ ಡಿ ಯೋಂಗ್ ಆ ಭಾಷೆಯನ್ನು ತಿದ್ದಿದಾಗ ಹತ್ತಕ್ಕೆ ‘ದೆಗ್’ ಅಂತ ಬೇರೆಯೇ ಪದ ಕೊಟ್ಟರು. ನಾವು ನೂರಕ್ಕೆ ‘ಬುಸ್’ ಮಾಡಿದೆವು. ಬ ಅಕ್ಷರ ಯಾವ ಅಂಕಿಯ ಬಾಲದಲ್ಲೂ ಇಲ್ಲ. 345 ಅಂದರೆ ಲೊಬುಸ್ ನೆದಾನ್ ತುರ.

ದೊಡ್ಡ ಸಂಖ್ಯೆಗಳಲ್ಲಿ ಮೂರು ದಾರಿ ಎದುರಾದವು. ಯುರೋಪಿನವರು ಮೂರು ಮೂರು ಅಂಕಿ ಕಟ್ಟುತ್ತಾರೆ. ಜಪಾನ್, ಚೀನಾದವರು ನಾಲ್ಕು ನಾಲ್ಕು. ನಮ್ಮಲ್ಲಿ ಸಾವಿರ ದಾಟಿದ ಮೇಲೆ ಎರಡೆರಡು, ಲಕ್ಷ, ಕೋಟಿ ಅಂತ. ನಮ್ಮ ಲಕ್ಷ ಎಷ್ಟು ಅನುಕೂಲ ಅಂತ ನಾನೂ ಲಖನೌ ಹುಡುಗನೂ ಸೇರಿ ಹೇಳಿದೆವು. ಮೇಷ್ಟ್ರು ಅವರ ಹತ್ತುಸಾವಿರದ ಬಗ್ಗೆ ಅಷ್ಟೇ ಅಕ್ಕರೆಯಿಂದ ಹೇಳಿದರು. ಸಾವಿರದ ಪದ್ಧತಿಗೆ ಹೆಚ್ಚು ಮತ ಬಂತು. ಲಕ್ಷಕ್ಕೆ ಒಂದು ಪದ ಇದ್ದಿದ್ದರೆ ಚೆನ್ನಾಗಿತ್ತು ಅನ್ನುವುದು ಈಗಲೂ ನನ್ನ ಅಭಿಪ್ರಾಯ.

ಅಂಕಿಯ ಮುಂದಿನ ನಾಮಪದಕ್ಕೆ ಬಹುವಚನ ಬೇಕಾ ಅನ್ನುವುದು ಬೇಗ ಮುಗಿಯಿತು. ನಾವು ‘ಹತ್ತು ರೂಪಾಯಿ’, ‘ನಾಲ್ಕು ದಿನ’ ಅನ್ನುತ್ತೇವೆ, ‘ಗಳು’ ಸೇರಿಸುವುದಿಲ್ಲ. ಫಿನ್ನಿಶ್‌ನಲ್ಲೂ ಅಂಕಿ ಆದಮೇಲೆ ಏಕವಚನವೇ ಬರುತ್ತದಂತೆ. ಅಂಕಿಯೇ ಎಷ್ಟು ಅಂತ ಹೇಳಿದ ಮೇಲೆ ಮತ್ತೊಮ್ಮೆ ಹೇಳುವುದು ಬೇಡ ಅಂತ ಒಪ್ಪಿದೆವು. ಜನರನ್ನು ಎಣಿಸುವುದಕ್ಕೆ ಬೇರೆ ರೂಪ ಇರಲಿ ಅಂತ ನಾನು ಕೇಳಿದೆ, ನಮ್ಮ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಥರ. ಮನುಷ್ಯರನ್ನು ವಸ್ತುವಿನಂತೆ ಎಣಿಸಬಾರದು ಅನ್ನುವ ಮರ್ಯಾದೆ ಅದರಲ್ಲಿದೆ ಅಂತ ನನ್ನ ಭಾವನೆ. ಗಿಡ್ಡ ರೂಪಕ್ಕೆ ಒಂದು ಪ್ರತ್ಯಯ ಸೇರಿಸಿ ಹೇಳಬಹುದು, ಹೇಳಲೇಬೇಕು ಅಂತಿಲ್ಲ, ಅಂತ ತೀರ್ಮಾನವಾಯಿತು. ನಾನಂತೂ ಪ್ರತಿ ಸಲ ಹೇಳುತ್ತೇನೆ. ಬ್ರೆಜಿಲ್‌ನ ಹುಡುಗಿಯೂ ಈಗ ಶುರು ಮಾಡಿದ್ದಾಳೆ.

ಈಗ ನಡೆಯುತ್ತಿರುವುದು ಭಿನ್ನರಾಶಿಯ ಚರ್ಚೆ. ಅರ್ಧಕ್ಕೆ ಒಂದು ಪದ ಬೇಕು ಅನ್ನುವುದರಲ್ಲಿ ಎಲ್ಲರೂ ಒಂದೇ. ಕಾಲು ಭಾಗಕ್ಕೆ ಕೆಲವರು ‘ನಾಲ್ಕರಲ್ಲಿ ಒಂದು’ ಅಂದರೆ ಸಾಕು ಅನ್ನುತ್ತಾರೆ. ನಾನು ಅವರಿಗೆ ನಮ್ಮ ಪದಗಳನ್ನು ಸಾಲಾಗಿ ಹೇಳಿದೆ. ಅರೆ, ಕಾಲು, ಮುಕ್ಕಾಲು, ಅರೆಕಾಲು, ಹದಿನಾರರಲ್ಲಿ ಒಂದಕ್ಕೆ ವೀಸ. ಸಂತೆಯಲ್ಲಿ ಬೇಳೆ ಅಳೆಯುವವರು ‘ನಾಲ್ಕರಲ್ಲಿ ಮೂರು’ ಅನ್ನುತ್ತಾ ಕೂರುವುದಿಲ್ಲ, ಮುಕ್ಕಾಲು ಅನ್ನುತ್ತಾರೆ. ದಿನಾ ಬಳಸುವ ಅಳತೆಗೆ ಒಂದೇ ಪದ ಬೇಕು. ನರ್ಸ್ ನನ್ನ ಪರ, ಅರ್ಧ ಮಾತ್ರೆ, ಕಾಲು ಮಾತ್ರೆ ಅವರಿಗೆ ದಿನದ ಮಾತು. ಲೈಬ್ರರಿಯನ್‌ಗೆ ಅರೆ ಮತ್ತು ಕಾಲು ಸಾಕು, ಮುಕ್ಕಾಲಿಗೆ ಬೇರೆ ಪದ ಬೇಡ. ಮತ ಇನ್ನೂ ಆಗಿಲ್ಲ. ಕಾಲಿಗೆ ‘ರಿಮು’, ಅರ್ಧಕ್ಕೆ ‘ಗೋನ್’ ಅಂತ ಈಗಿನ ಪ್ರಸ್ತಾಪ. ಮುಂದಿನ ವಾರ ಅವೆರಡನ್ನೂ ಗದ್ದಲದಲ್ಲಿ ಓದಿ ನೋಡಬೇಕು. ಗೋನ್ ಮತ್ತು ದಾನ್ ನನ್ನ ಕಿವಿಗೆ ಸ್ವಲ್ಪ ಹತ್ತಿರ ಅನ್ನಿಸುತ್ತಿದೆ.